ಅಂಗಳಕ್ಕೆ ಪೀಚ್ ಗಿಡವೇ, ಪೇರಲವೇ, ಸೀತಾಫಲವೇ? ಕಲಬುರಗಿ ಮಣ್ಣಿಗೆ ರೋಗ ತಾಳುವ ಹಣ್ಣಿನ ಗಿಡ ಆರಿಸುವ ಬಗೆ

ಕೆಲವು ವರ್ಷದ ಹಿಂದೆ ಒಂದು ಪೀಚ್ ಗಿಡ ತರಿಸಿದ್ದೆ. ಪಾರ್ಸೆಲ್‌ನಲ್ಲಿ ಬಂತು. ಒದ್ದೆ ಪಾಚಿಯಲ್ಲಿ ಸುತ್ತಿದ ಬೇರು, ಪೆನ್ಸಿಲ್ ದಪ್ಪದ ಕಾಂಡ, ಅದಕ್ಕೆ ಕಟ್ಟಿದ ಒಂದು ಚೀಟಿ. ಚೀಟಿಯಲ್ಲಿ ‘ರೋಗನಿರೋಧಕ ಪೀಚ್’ ಅಂತ ಇತ್ತು. ಹಿತ್ತಲಲ್ಲಿ ಗುಂಡಿ ತೆಗೆದು, ಗೊಬ್ಬರ ಹಾಕಿ, ಆಸೆಯಿಂದ ನೆಟ್ಟೆವು. ಮೊದಲ ಮಳೆಗಾಲ ಚೆನ್ನಾಗಿ ಚಿಗುರಿತು. ಎರಡನೇ ಮಳೆಗಾಲದ ಹೊತ್ತಿಗೆ ಹೊಸ ಎಲೆಗಳೆಲ್ಲ ಹಳದಿ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದರೆ ನರಗಳಷ್ಟೇ ಹಸಿರು, ನಡುವಿನ ಜಾಗವೆಲ್ಲ ಮಾಗಿದ ಲಿಂಬೆಯ ಬಣ್ಣ. ಮೂರನೇ ಚಳಿಗಾಲ ಕಳೆದರೂ ಒಂದು ಹೂ ಬಿಡಲಿಲ್ಲ. ಕೊಂಬೆ ತುದಿಗೆ ನಾಲ್ಕು ಎಲೆ, ಕೆಳಗೆಲ್ಲ ಬೋಳು. ಆ ಮೇ ತಿಂಗಳಲ್ಲಿ ಇಳಿಬಿಸಿಲು ಬಡಿದ ಕಡೆ ತೊಗಟೆ ಸೀಳಿತು, ಸೀಳಿನಿಂದ ಅಂಟು ಒಸರಿತು. ಜೂನ್‌ನಲ್ಲಿ ಮಳೆ ಬರುವಷ್ಟರಲ್ಲಿ ಗಿಡ ಒಣಗಿ ಹೋಗಿತ್ತು.

ಮಾರಿದವರಿಗೆ ಫೋನ್ ಮಾಡಿದೆ. ಗಿಡಕ್ಕೆ ರೋಗ ಬಂದಿತ್ತಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ತಳಿ ಸರಿಯಾಗೇ ಇತ್ತಲ್ಲ ಅಂದರು. ಸಿಟ್ಟು ಬಂತು. ಆದರೆ ಯೋಚನೆ ಮಾಡಿದಾಗ ಅವರ ಮಾತಿನಲ್ಲೇ ನಾನು ಕೊಳ್ಳುವ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆ ಇತ್ತು. ರೋಗನಿರೋಧಕ ಸರಿ, ಯಾವ ರೋಗಕ್ಕೆ?

ಈ ಪ್ರಶ್ನೆ ನಮ್ಮ ಭಾಗದ ರೈತರಿಗೆ ಹೊಸದಲ್ಲ. ಮಾರುತಿ ತೊಗರಿ ಗೊತ್ತಲ್ವಾ? ಬೀದರ್ ದಾರಿಯಲ್ಲಿ ಹೈದರಾಬಾದ್‌ಗೆ ಹೋಗುವಾಗ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯಿಂದ ಬಂದ ತಳಿ ಅದು. 1980ರ ದಶಕದಿಂದ ನಮ್ಮ ಹೊಲಗಳಲ್ಲಿ ಇದೆ. ಗಿಡವನ್ನೇ ಒಣಗಿಸುವ ನೆಟೆ ರೋಗವನ್ನು ಚೆನ್ನಾಗಿ ತಾಳುತ್ತದೆ, ಅದಕ್ಕೇ ಜನ ಅದನ್ನು ಕೈಬಿಡಲಿಲ್ಲ. ಅದೇ ಮಾರುತಿಗೆ ಹೂ-ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗ ಮಾತ್ರ ಸುಲಭವಾಗಿ ಹತ್ತುತ್ತದೆ. ಒಂದು ರೋಗ ತಾಳುವ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ. ಹಣ್ಣಿನ ಗಿಡದಲ್ಲೂ ಅಷ್ಟೇ. ಅದಕ್ಕೇ ಇಲ್ಲಿ ಪ್ರತಿ ಗಿಡದ ಬಗ್ಗೆ ಎರಡು ವಿಷಯ ಹೇಳುತ್ತೇನೆ. ಅದು ಏನನ್ನು ತಾಳುತ್ತದೆ, ಮತ್ತು ಅದನ್ನು ಕೆಡವುವ ಶತ್ರು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇದೆಯೋ ಇಲ್ಲವೋ.

ಪೀಚ್‌ಗೆ ಇಲ್ಲಿ ಏನು ಕಷ್ಟ

ಪೀಚ್‌ಗೆ ಜಗತ್ತಿನಾದ್ಯಂತ ಹೆಸರುವಾಸಿಯಾದ ರೋಗ ಎಲೆ ಮುದುಡು ರೋಗ. ಶಿಲೀಂಧ್ರದಿಂದ ಬರುತ್ತದೆ. ಎಲೆ ದಪ್ಪಗಾಗಿ, ಕೆಂಪಾಗಿ, ಸುಟ್ಟ ಹಪ್ಪಳದ ಹಾಗೆ ಮುದುಡಿಕೊಳ್ಳುತ್ತದೆ. ಅಮೆರಿಕದಲ್ಲಿ ‘ಫ್ರಾಸ್ಟ್’ ಅನ್ನುವ ತಳಿ ಇದನ್ನು ತಾಳುತ್ತದೆ ಅಂತ ಹೆಸರು ಮಾಡಿದೆ. ಆದರೆ ಈ ಶಿಲೀಂಧ್ರಕ್ಕೆ ಮೊಗ್ಗು ಒಡೆಯುವ ಹೊತ್ತಿನಲ್ಲಿ ತಂಪು ಬೇಕು, ಜಿಟಿಜಿಟಿ ಮಳೆ ಬೇಕು. ಫೆಬ್ರವರಿಯ ಕಲಬುರಗಿಯಲ್ಲಿ ಎರಡೂ ಇಲ್ಲ. ಅಂದರೆ ನಮ್ಮ ಅಂಗಳಕ್ಕೆ ಬರದೇ ಇರುವ ರೋಗವನ್ನು ತಡೆಯಲು ನಾವು ದುಡ್ಡು ಕೊಡುತ್ತೇವೆ. ಪೀಚ್ ಎಲೆ ಮುದುಡಿದ್ದು ನಿಮಗೆ ಕಂಡರೆ ಎಲೆ ತಿರುಗಿಸಿ ನೋಡಿ, ಹೆಚ್ಚಾಗಿ ಕೆಳಗೆ ಹೇನು ಕೂತಿರುತ್ತವೆ.

ನಿಜವಾದ ತೊಂದರೆ ಚಳಿ ಸಾಲದಿರುವುದು. ಪೀಚ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಗಿಡ. ಅದು ಮತ್ತೆ ಏಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಇಂತಿಷ್ಟು ಗಂಟೆ ಕಳೆದಿರಬೇಕು. ಸಾಮಾನ್ಯ ಪೀಚ್ ತಳಿಗಳಿಗೆ 600ರಿಂದ 900 ಗಂಟೆ ಬೇಕು. ಕಡಿಮೆ ಚಳಿಯ ತಳಿಗಳೂ ಇವೆ. ಫ್ಲೋರಿಡಾ ವಿಶ್ವವಿದ್ಯಾಲಯದ ಫ್ಲೋರ್ಡಾ ಪ್ರಿನ್ಸ್‌ಗೆ ಸುಮಾರು 150 ಗಂಟೆ ಸಾಕು, ಟ್ರಾಪಿಕ್ ಬ್ಯೂಟಿಗೂ ಅಷ್ಟೇ. ಪಂಜಾಬ್‌ನ ಬಯಲಿನಲ್ಲಿ ಫ್ಲೋರ್ಡಾ ಪ್ರಿನ್ಸ್, ಶಾನ್-ಎ-ಪಂಜಾಬ್, ಅರ್ಲಿ ಗ್ರಾಂಡ್ ಬೆಳೆಯುತ್ತಾರೆ. ಅಲ್ಲಿ ಜನವರಿಯಲ್ಲಿ ರಾತ್ರಿ ಮಂಜು ಕವಿದು ಕೊರೆಯುವ ಚಳಿ ಇರುತ್ತದೆ. ಕಲಬುರಗಿಯ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 14-16 ಡಿಗ್ರಿ. ನಮಗೆ ಅದೇ ಜಾಸ್ತಿ, ಶಾಲು ಹೊದೆಯುತ್ತೇವೆ. ಪೀಚ್‌ಗೆ ಅದು ಲೆಕ್ಕಕ್ಕೇ ಇಲ್ಲ. 150 ಗಂಟೆ ಅನ್ನುವುದು ಕಡಿಮೆ ಅನ್ನಿಸುತ್ತದೆ, ಆದರೆ 7 ಡಿಗ್ರಿಗೆ ಇಳಿಯುವುದೇ ಅಪರೂಪವಾದ ಊರಿನಲ್ಲಿ 150 ಗಂಟೆ ಎಲ್ಲಿಂದ ತರುವುದು? ನನ್ನ ಗಿಡದ ತುದಿಯಲ್ಲಿ ನಾಲ್ಕೆಲೆ, ಕೆಳಗೆ ಬೋಳು ಆಗಿದ್ದು ಇದರಿಂದಲೇ. ಬೋಳು ಕೊಂಬೆಗೆ ನೆರಳಿಲ್ಲ, 42-43 ಡಿಗ್ರಿ ಬಿಸಿಲು ನೇರ ತೊಗಟೆಗೆ ಬಡಿಯುತ್ತದೆ.

ಎರಡನೆಯದು ಮಣ್ಣು. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣ ಜಾಸ್ತಿ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ಸೇಡಂ-ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿ, ನರ ಹಸಿರು. ಇದು ರೋಗವಲ್ಲ, ಹಸಿವು. ಇಲ್ಲಿ ಕಸಿಯ ಬುಡದ ಗಿಡ, ಅಂದರೆ ಬೇಕಾದ ತಳಿಯನ್ನು ಕೂರಿಸುವ ಬೇರಿನ ಗಿಡ, ಯಾವುದು ಅನ್ನುವುದು ದೊಡ್ಡ ಮಾತಾಗುತ್ತದೆ. ಬೇರುಗಂಟು ಜಂತುವನ್ನು (ಬೇರಿನೊಳಗೆ ಸೇರಿ ಗಂಟು ಮಾಡುವ ಅತಿ ಸಣ್ಣ ಹುಳು) ತಾಳುವ ಫ್ಲೋರ್ಡಾಗಾರ್ಡ್, ನೆಮಾಗಾರ್ಡ್ ಎಂಬ ಬುಡಗಳು ಸುಣ್ಣದ ಮಣ್ಣಿನಲ್ಲಿ ಹಳದಿಯಾಗುತ್ತವೆ. ಸುಣ್ಣ ತಾಳುವ ಜಿಎಫ್ 677 ಅನ್ನುವ ಪೀಚ್-ಬಾದಾಮಿ ಬುಡಕ್ಕೆ ಬೇರುಗಂಟು ಜಂತು ಹತ್ತುತ್ತದೆ. ಮಾರುತಿ ತೊಗರಿಯ ಕಥೆಯೇ ಮತ್ತೆ. ಎರಡನ್ನೂ ತಾಳುವ ಗಾರ್ನೆಮ್ ಅನ್ನುವ ಬುಡ ಸ್ಪೇನ್‌ನಲ್ಲಿ ಇದೆ, ನಮ್ಮ ಕಡೆಯ ನರ್ಸರಿಗಳಲ್ಲಿ ನಾನು ಕಂಡಿಲ್ಲ.

ಮೂರನೆಯದು ನೀರು ನಿಲ್ಲುವುದು. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೆಸರಾಗಿ ನೀರು ಹಿಡಿದು ನಿಲ್ಲುತ್ತದೆ. ಪೀಚ್ ಬೇರು ನಿಂತ ನೀರಿನಲ್ಲಿ ಕೆಲವೇ ದಿನದಲ್ಲಿ ಸಾಯುತ್ತದೆ.

ಹಾಗಂತ ಪೀಚ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆಸೆ ಇರುತ್ತದೆ, ನನಗೂ ಇತ್ತು. ಬೀದರ್‌ನಲ್ಲಿದ್ದರೆ ನಿಮಗೆ ಒಂದು ಸಣ್ಣ ಅವಕಾಶ ಇದೆ. ಊರು ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಲಬುರಗಿಗಿಂತ ಚಳಿ ಜಾಸ್ತಿ, ಕೆಲವು ವರ್ಷ ರಾತ್ರಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಸುಣ್ಣ ಕಡಿಮೆ, ನೀರು ಬೇಗ ಬಸಿಯುತ್ತದೆ. ಅಲ್ಲಿ ಫ್ಲೋರ್ಡಾ ಪ್ರಿನ್ಸ್ ಅಥವಾ ಟ್ರಾಪಿಕ್ ಬ್ಯೂಟಿಯನ್ನು ಫ್ಲೋರ್ಡಾಗಾರ್ಡ್ ಬುಡದ ಮೇಲೆ ಕಸಿ ಮಾಡಿದ್ದು ಸಿಕ್ಕರೆ ಪ್ರಯತ್ನ ಮಾಡಬಹುದು. ಡಿಸೆಂಬರ್-ಜನವರಿಯಲ್ಲಿ, ಗಿಡ ಮಲಗಿರುವಾಗ ನೆಡಿ. ಪಶ್ಚಿಮದ ಬಿಸಿಲಿಗೆ ಗೋಡೆ ಅಥವಾ ದೊಡ್ಡ ಮರದ ಮರೆ ಇರಲಿ. ಕಾಂಡಕ್ಕೆ ಸುಣ್ಣ ಬಳಿಯಿರಿ, ತೊಗಟೆ ಸುಡುವುದಿಲ್ಲ. ಡಿಸೆಂಬರ್ ಶುರುವಿನಲ್ಲಿ ಉಳಿದ ಎಲೆಗಳನ್ನು ಕೈಯಿಂದ ಕಿತ್ತು ಗಿಡಕ್ಕೆ ವಿಶ್ರಾಂತಿ ಕೊಡಿ. ಹಣ್ಣು ಬರುವುದು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ, ಅದಕ್ಕೆ ಪ್ರತಿ ವರ್ಷ ಕತ್ತರಿಸಲೇಬೇಕು. ಎಲೆ ಇರುವಾಗ ತಾಮ್ರದ ಔಷಧ ಹೊಡೆಯಬೇಡಿ, ಪೀಚ್ ಎಲೆ ಸುಡುತ್ತದೆ. ತಿಂದ ಹಣ್ಣಿನ ಬೀಜ ನೆಟ್ಟರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಮಾರ್ಕೆಟ್ಟಿಗೆ ಬರುವ ಪೀಚ್ ಹೆಚ್ಚಾಗಿ ಹಿಮಾಚಲ, ಕಾಶ್ಮೀರದ್ದು. ಅದರ ಬೀಜದ ಗಿಡ ಹಿಮಾಚಲದ ಚಳಿಯನ್ನೇ ಕೇಳುತ್ತದೆ.

ಕಲಬುರಗಿ ಅಥವಾ ಯಾದಗಿರಿಯ ಎರೆ ಮಣ್ಣಿನಲ್ಲಿದ್ದರೆ ಪೀಚ್‌ನ ದುಡ್ಡು ಉಳಿಸಿ ಮುಂದಿನ ಗಿಡಗಳನ್ನು ನೋಡಿ. ಇದು ನನ್ನ ಖಚಿತ ಅಭಿಪ್ರಾಯ.

ಗಿಡಕ್ಕಿಂತ ಮೊದಲು ಮಣ್ಣು ನೋಡಿ

ಇವತ್ತೇ ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಇವೆ. ಒಂದು ಅಡಿ ಆಳದ ಮಣ್ಣು ಒಂದು ಹಿಡಿ ತೆಗೆದು ಒಣಗಿಸಿ, ಅದರ ಮೇಲೆ ಸ್ವಲ್ಪ ವಿನೆಗರ್ ಸುರಿಯಿರಿ. ಕಿವಿ ಹತ್ತಿರ ಹಿಡಿಯಿರಿ. ಸೋಡಾ ಬಾಟಲಿ ತೆರೆದ ಹಾಗೆ ಚುರ್ರ್ ಅಂತ ಸದ್ದು ಬಂದು ನೊರೆ ಎದ್ದರೆ ಸುಣ್ಣ ಜಾಸ್ತಿ ಇದೆ ಅಂತ ಅರ್ಥ. ನಮ್ಮ ಹಿತ್ತಲ ಮಣ್ಣು ಎಷ್ಟು ನೊರೆ ಎಬ್ಬಿಸಿತೆಂದರೆ, ಗಿಡ ನೆಡುವ ಮುಂಚೆ ಈ ಐದು ನಿಮಿಷದ ಕೆಲಸ ಮಾಡಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ಇನ್ನೊಂದು, ಎರಡು ಅಡಿ ಗುಂಡಿ ತೆಗೆದು ನೀರು ತುಂಬಿ. ಒಮ್ಮೆ ಇಂಗಲಿ. ಮತ್ತೆ ತುಂಬಿ, ಸಂಜೆಯಿಂದ ಬೆಳಗಿನವರೆಗೆ ಬಿಡಿ. ಬೆಳಿಗ್ಗೆ ನೀರು ಇನ್ನೂ ನಿಂತಿದ್ದರೆ ಅಲ್ಲಿ ನೆಲದ ಮಟ್ಟದಲ್ಲಿ ಯಾವ ಹಣ್ಣಿನ ಗಿಡವನ್ನೂ ನೆಡಬೇಡಿ. ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ದಿಬ್ಬ ಕಟ್ಟಿ ಅದರ ಮೇಲೆ ನೆಡಿ. ದಿಬ್ಬಕ್ಕೆ ಗರಸು, ಕೆಂಪು ಮಣ್ಣು, ಕೊಳೆತ ಸಗಣಿ ಗೊಬ್ಬರ ಮೂರೂ ಕಲಸಿ.

ಬೋರ್‌ವೆಲ್ ನೀರನ್ನೂ ನೋಡಿಕೊಳ್ಳಿ. ಬಕೆಟ್ ಒಳಗೆ ಬಿಳಿ ಕಟ್ಟು ಕಟ್ಟುತ್ತಿದ್ದರೆ ಆ ನೀರು ದಿನಾ ಗಿಡದ ಬುಡಕ್ಕೆ ಸುಣ್ಣ ಸೇರಿಸುತ್ತಿದೆ. ಮಳೆ ನೀರು ಒಂದೆರಡು ಡ್ರಮ್ ಹಿಡಿದಿಟ್ಟು ಎಳೆ ಗಿಡಗಳಿಗೆ ಕೊಡಿ. ಸರಿಯಾದ ಅಂಕಿ ಬೇಕಾದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರು ಎರಡೂ ಪರೀಕ್ಷೆ ಮಾಡಿಸಿ.

ಪೇರಲ

ನಮ್ಮ ಕಡೆ ಜಾಮ್ ಅಂತಲೂ ಅನ್ನುತ್ತಾರೆ. ಮನೆಯಂಗಳಕ್ಕೆ ಒಂದೇ ಗಿಡ ಅಂದರೆ ಹೆಚ್ಚಿನವರು ಕೇಳುವುದು ಇದನ್ನೇ. ಸುಣ್ಣದ ಮಣ್ಣನ್ನು ಪೀಚ್‌ಗಿಂತ ಎಷ್ಟೋ ಚೆನ್ನಾಗಿ ತಾಳುತ್ತದೆ. ಚಳಿ ಬೇಕಿಲ್ಲ. ಬಿಸಿಲು ತಾಳುತ್ತದೆ. ಎರಡನೇ-ಮೂರನೇ ವರ್ಷಕ್ಕೇ ಹಣ್ಣು ಕೊಡುತ್ತದೆ.

ಆದರೆ ಅದಕ್ಕೆ ಇಲ್ಲೇ ಇರುವ ಶತ್ರು ಇದೆ. ಸೊರಗು ರೋಗ ಮತ್ತು ಬೇರುಗಂಟು ಜಂತು. ಎರಡೂ ಒಟ್ಟಿಗೆ ಬಂದರೆ ಗಿಡ ಉಳಿಯುವುದಿಲ್ಲ. ಜಂತು ಬೇರನ್ನು ಗಾಯ ಮಾಡುತ್ತದೆ, ಆ ಗಾಯದಿಂದ ಸೊರಗಿನ ಶಿಲೀಂಧ್ರ ಒಳಗೆ ಹೋಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕೊಂಬೆಯ ಎಲೆ ಬಣ್ಣ ಗೆಡುತ್ತದೆ, ಆಮೇಲೆ ಇನ್ನೊಂದು. ಹಣ್ಣು ಗಿಡದಲ್ಲೇ ಕಲ್ಲಾಗಿ ಒಣಗುತ್ತದೆ. ಅಷ್ಟಾದ ಮೇಲೆ ಔಷಧವಿಲ್ಲ. ಕಿತ್ತು ಸುಡಬೇಕು, ಆ ಗುಂಡಿಯಲ್ಲಿ ಮತ್ತೆ ಪೇರಲ ನೆಡಬಾರದು. ತೊಗರಿಯ ನೆಟೆ ರೋಗವೇ ಪೇರಲಕ್ಕೂ ಹತ್ತುತ್ತದಾ ಅಂತ ಒಬ್ಬರು ಕೇಳಿದ್ದರು. ಇಲ್ಲ. ಎರಡೂ ಒಂದೇ ಕುಲದ ಶಿಲೀಂಧ್ರ, ಆದರೆ ತೊಗರಿಯದು ಬೇರೆ, ಪೇರಲದ್ದು ಬೇರೆ. ತೊಗರಿ ಹೊಟ್ಟನ್ನು ಪೇರಲದ ಬುಡಕ್ಕೆ ಧೈರ್ಯವಾಗಿ ಮುಚ್ಚಬಹುದು, ನಾವು ಮುಚ್ಚುತ್ತೇವೆ.

ಜಂತು ಹೆಚ್ಚಾಗಿ ನರ್ಸರಿಯ ಚೀಲದಲ್ಲೇ ಮನೆಗೆ ಬರುತ್ತದೆ. ಹಾಗಾಗಿ ಪೇರಲದಲ್ಲಿ ತಳಿಗಿಂತ ಬೇರು ನೋಡಿ ಕೊಳ್ಳುವುದು ಮುಖ್ಯ. ಚೀಲದ ತಳವನ್ನು ಸ್ವಲ್ಪ ಸೀಳಲು ಕೇಳಿ. ಒಂದೆರಡು ತೆಳ್ಳನೆ ಬೇರು ಎಳೆದು ನೀರಿನಲ್ಲಿ ತೊಳೆಯಿರಿ. ಆರೋಗ್ಯವಂತ ಬೇರು ದಾರದ ಹಾಗೆ ಒಂದೇ ಸಮ ಇರುತ್ತದೆ. ಜಂತು ಹತ್ತಿದ ಬೇರು ಮಣಿಸರದ ಹಾಗೆ ಗಂಟು ಗಂಟು. ತೊಗರಿ ಬೇರಿನಲ್ಲೂ ಗಂಟು ನೋಡಿರುತ್ತೀರಿ, ಅದು ಒಳ್ಳೆಯ ಗಂಟು, ಉಗುರಿನಿಂದ ತಳ್ಳಿದರೆ ಉದುರಿ ಬೀಳುತ್ತದೆ. ಇದು ಉದುರುವುದಿಲ್ಲ, ಬೇರೇ ಊದಿಕೊಂಡಿರುತ್ತದೆ. ಬೇರು ತೋರಿಸಲು ಒಪ್ಪದ ನರ್ಸರಿಯಲ್ಲಿ ನಾನು ಪೇರಲ ಕೊಳ್ಳುವುದಿಲ್ಲ.

ತಳಿಯ ವಿಷಯಕ್ಕೆ ಬಂದರೆ, ಸರ್ದಾರ್ ಅಥವಾ ಲಕ್ನೋ-49 ಇಂದಿಗೂ ನನಗೆ ಮೊದಲ ಆಯ್ಕೆ. ಹೆಸರು ಲಕ್ನೋದ್ದು, ಆರಿಸಿದ್ದು ಪುಣೆಯ ಗಣೇಶಖಿಂಡ್‌ನಲ್ಲಿ, 1927ರಲ್ಲಿ. ಗಿಡ ಅಗಲಕ್ಕೆ ಹರಡುತ್ತದೆ, ಜಾಗ ಇದ್ದರೆ ಮಾತ್ರ. ಅಲಹಾಬಾದ್ ಸಫೇದಾ ಎತ್ತರಕ್ಕೆ ಹೋಗುತ್ತದೆ, ಹಣ್ಣು ನುಣುಪು. ಒಳಗೆ ಕೆಂಪು ತಿರುಳು ಬೇಕಾದರೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ಇದೆ. ಇತ್ತೀಚೆಗೆ ಎಲ್ಲೆಲ್ಲೂ ತೈವಾನ್ ಪಿಂಕ್ ಮಾರುತ್ತಾರೆ. ಬೇಗ ಹಣ್ಣು ಕೊಡುವುದು ನಿಜ. ಆದರೆ ಇವುಗಳಲ್ಲಿ ಯಾವುದೂ ಸೊರಗು ರೋಗದಿಂದ ಪೂರ್ತಿ ಪಾರಾದ ತಳಿಯಲ್ಲ. ಚೀಟಿಯಲ್ಲಿ ಏನೇ ಬರೆದಿರಲಿ, ನೆಡುವಾಗ ಗುಂಡಿಗೆ ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಬೆರೆಸಿದ ಗೊಬ್ಬರ ಹಾಕಿ. ಸುತ್ತ ಚೆಂಡು ಹೂ ಹಚ್ಚಿ, ಅದರ ಬೇರಿಗೆ ಜಂತುವನ್ನು ತಗ್ಗಿಸುವ ಗುಣ ಇದೆ.

ಹಣ್ಣು ನೊಣದ ಬಗ್ಗೆ ಒಂದು ಮಾತು. ಮಳೆಗಾಲದ ಪೇರಲ ಕೊಯ್ದರೆ ಒಳಗೆ ಹುಳ. ಚಳಿಗಾಲದ ಹಣ್ಣು ಸಿಹಿ, ಹುಳ ಕಡಿಮೆ. ಅದಕ್ಕೆ ಏಪ್ರಿಲ್-ಮೇನಲ್ಲಿ ಬರುವ ಹೂವನ್ನು ಕಿತ್ತು ಹಾಕಿ. ಮನಸ್ಸು ಬರುವುದಿಲ್ಲ, ಆದರೂ ಕೀಳಿ. ಗಿಡ ಆ ಶಕ್ತಿಯನ್ನು ಚಳಿಗಾಲದ ಬೆಳೆಗೆ ಕೊಡುತ್ತದೆ. ಹಣ್ಣು ಲಿಂಬೆ ಗಾತ್ರಕ್ಕೆ ಬಂದಾಗ ಹಳೆ ಸೀರೆಯ ತುಂಡಿನಿಂದ ಹೊಲಿದ ಸಣ್ಣ ಚೀಲ ಕಟ್ಟಿದರೆ ಔಷಧ ಹೊಡೆಯುವ ಮಾತೇ ಇಲ್ಲ. ನಮ್ಮ ಮನೆಯಲ್ಲಿ ಅವ್ವ ಪ್ರತಿ ಸಲ ಐವತ್ತು-ಅರವತ್ತು ಚೀಲ ಹೊಲಿದು ಇಡುತ್ತಾಳೆ.

ಸೀತಾಫಲ ಮತ್ತು ಬಾರಿ (ಬೋರೆ, ಎಲಚಿ)

ಈ ಎರಡರ ಬೆಲೆ ನಮಗೆ ಗೊತ್ತಾಗದೇ ಇರುವುದು ಅವು ನಮ್ಮ ಗುಡ್ಡದಲ್ಲಿ, ಹೊಲದ ಬದುವಿನಲ್ಲಿ ತಾವೇ ಬೆಳೆಯುವುದರಿಂದ. ನೆಡದೆ, ನೀರು ಹಾಕದೆ, ಔಷಧ ಹೊಡೆಯದೆ ಬದುಕಿ ಹಣ್ಣು ಕೊಡುವ ಗಿಡಕ್ಕಿಂತ ರೋಗ ತಾಳುವ ಗಿಡ ಬೇರೆ ಯಾವುದು ಬೇಕು?

ಸೀತಾಫಲಕ್ಕೆ ಗರಸು, ಕಲ್ಲು, ಸುಣ್ಣ ಯಾವುದೂ ಅಡ್ಡಿಯಿಲ್ಲ. ನಿಂತ ನೀರು ಮಾತ್ರ ಆಗದು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ, ಗಿಡ ಸತ್ತಿತು ಅಂತ ಕಿತ್ತು ಬಿಡಬೇಡಿ. ಆಡು ಸಹ ಎಲೆ ಮುಟ್ಟುವುದಿಲ್ಲ, ಬೇಲಿ ಇಲ್ಲದ ಮನೆಗಳಿಗೆ ಇದು ಸಣ್ಣ ಲಾಭವಲ್ಲ. ಕಾಟ ಕೊಡುವುದು ಹಿಟ್ಟು ತಿಗಣೆ. ಹಣ್ಣಿನ ಕಣ್ಣುಗಳ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಕೂರುತ್ತದೆ. ಅದನ್ನು ಮೇಲೆ ಹೊತ್ತೊಯ್ಯುವುದು ಇರುವೆ. ಕಾಂಡಕ್ಕೆ ಒಂದು ಗೇಣು ಅಗಲದ ಪ್ಲಾಸ್ಟಿಕ್ ಸುತ್ತಿ ಗ್ರೀಸ್ ಸವರಿದರೆ ಇರುವೆ ಹತ್ತುವುದಿಲ್ಲ, ತಿಗಣೆಯೂ ಕಡಿಮೆಯಾಗುತ್ತದೆ. ಕಪ್ಪಾಗಿ ಒಣಗಿ ಗಿಡದಲ್ಲೇ ನೇತಾಡುವ ಕಾಯಿಗಳನ್ನು ಕಿತ್ತು ಸುಟ್ಟುಬಿಡಿ. ರೋಗ ಅದರಲ್ಲೇ ಮುಂದಿನ ವರ್ಷಕ್ಕೆ ಕಾಯುತ್ತದೆ.

ಇನ್ನೊಂದು ದೂರು, ಹೂ ತುಂಬಾ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ ಅನ್ನುವುದು. ಇದೂ ರೋಗವಲ್ಲ. ಸೀತಾಫಲದ ಹೂ ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗುತ್ತದೆ. ಒಣ ಬಿಸಿ ಗಾಳಿಗೆ ಹೆಣ್ಣು ಭಾಗ ಒಣಗಿ ಹೋಗುತ್ತದೆ. ಪೂರ್ತಿ ಅರಳಿದ ಹೂವಿನ ಪುಡಿಯನ್ನು ಸಣ್ಣ ಕುಂಚದಲ್ಲಿ ತೆಗೆದು, ಬೆಳಗಿನ ಹೊತ್ತು ಅರ್ಧ ತೆರೆದ ಹೂವಿನೊಳಗೆ ಸವರಿ. ಹತ್ತು ಹೂವಿಗೆ ಹೀಗೆ ಮಾಡಿ ದಾರ ಕಟ್ಟಿಡಿ, ಎಷ್ಟು ಕಾಯಿ ನಿಂತಿತು ಅಂತ ನೀವೇ ಎಣಿಸುತ್ತೀರಿ. ತಳಿಗಳಲ್ಲಿ ಬಾಳಾನಗರ ಪಕ್ಕದ ತೆಲಂಗಾಣದ್ದು, ನಮ್ಮ ಬಿಸಿಲಿಗೆ ಹೊಂದಿದೆ. ಅರ್ಕಾ ಸಹನ್ ಬೆಂಗಳೂರಿನದು. ಹಣ್ಣು ದೊಡ್ಡದು, ಬೀಜ ಕಡಿಮೆ, ಆದರೆ ಕೈಯಿಂದ ಪರಾಗ ಮುಟ್ಟಿಸಬೇಕು. ಹತ್ತಿರ ಒಂದು ಬಾಳಾನಗರ ಇದ್ದರೆ ಅನುಕೂಲ. ಮೊದಲ ಸಲ ನೆಡುವವರಿಗೆ ನಾನು ಬಾಳಾನಗರವನ್ನೇ ಹೇಳುತ್ತೇನೆ.

ಬಾರಿ ಇನ್ನೂ ಗಟ್ಟಿ. ತಾಯಿ ಬೇರು ಎರೆ ಮಣ್ಣನ್ನು ಸೀಳಿಕೊಂಡು ಆಳಕ್ಕೆ ಹೋಗುತ್ತದೆ. ಸವಳನ್ನೂ ತಾಳುತ್ತದೆ, ಅದಕ್ಕೇ ಶಹಾಪುರ, ಸುರಪುರದ ಕಾಲುವೆ ಕಡೆಯ ಸವಳು ಹತ್ತಿದ ಜಾಗಕ್ಕೆ ನಾನು ಮೊದಲು ಹೇಳುವ ಗಿಡ ಇದು. ರೋಗ ಅಂದರೆ ಬೂದಿ ರೋಗ. ಅಕ್ಟೋಬರ್-ನವೆಂಬರ್‌ನಲ್ಲಿ ಕಾಯಿ ಬಟಾಣಿ ಗಾತ್ರ ಇರುವಾಗ ಮೇಲೆ ಬಿಳಿ ಪುಡಿ ಬರುತ್ತದೆ. ಆಗಲೇ ಒಂದು ಲೀಟರ್ ನೀರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬೆರೆಸಿ ಸಂಜೆ ಸಿಂಪಡಿಸಿದರೆ ನಿಲ್ಲುತ್ತದೆ. ಹುಳ ಬಿದ್ದ ಹಣ್ಣನ್ನು ನೆಲದಲ್ಲಿ ಬಿಡಬೇಡಿ. ಏಪ್ರಿಲ್-ಮೇನಲ್ಲಿ ಗಟ್ಟಿಯಾಗಿ ಕತ್ತರಿಸಿ, ಬಾರಿಗೆ ಹೊಸ ಚಿಗುರಿನಲ್ಲೇ ಹಣ್ಣು. ಕತ್ತರಿಸಿದ ಮೇಲೆ ಬುಡದ ಮಣ್ಣು ಕೆದರಿ ಬಿಸಿಲು ತಾಗಿಸಿದರೆ ಒಳಗಿರುವ ನೊಣದ ಕೋಶಗಳು ಸಾಯುತ್ತವೆ. ಉಮ್ರಾನ್, ಗೋಲಾ ಸಿಗುತ್ತವೆ. ಆ್ಯಪಲ್ ಬೋರ್ ಅಂತ ಮಾರುವುದು ದೊಡ್ಡದಾಗಿರುತ್ತದೆ, ರುಚಿ ಸಪ್ಪೆ. ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಬಾರಿಹಣ್ಣು ಸುರಿಯುವ ಮನೆಯಾದರೆ ಜವಾರಿ ಬಾರಿಯೇ ಚಂದ. ಮುಳ್ಳು ಇದೆ, ಮಕ್ಕಳು ಓಡಾಡುವ ದಾರಿಯಲ್ಲಿ ಬೇಡ.

ದಾಳಿಂಬೆ, ಲಿಂಬೆ, ಅಂಜೂರ

ದಾಳಿಂಬೆಯನ್ನು ಹಿತ್ತಲಿಗೆ ನಾನು ಹೇಳುವುದಿಲ್ಲ. ಸುಣ್ಣ ತಾಳುತ್ತದೆ, ಬಿಸಿಲು ತಾಳುತ್ತದೆ, ಹೂ ನೋಡಲು ಚಂದ. ಆದರೆ ದುಂಡಾಣು ಅಂಗಮಾರಿ ನಮ್ಮ ಭಾಗದಲ್ಲೇ ಇದೆ. ಮರಾಠಿಯ ಪ್ರಭಾವದಿಂದ ತೇಲ್ಯಾ ಅನ್ನುತ್ತಾರೆ, ಎಲೆ ಮೇಲೆ ಎಣ್ಣೆ ಹನಿಯಂಥ ಕಲೆ ಬೀಳುವುದರಿಂದ. ಹಣ್ಣಿನ ಮೇಲೆ ಕಪ್ಪು ಕಲೆ ಬಂದು ಸೀಳುತ್ತದೆ. ಮಳೆ ಹನಿ, ಕತ್ತರಿ, ಕೈ ಎಲ್ಲದರಿಂದ ಹರಡುತ್ತದೆ. ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದು ನಮ್ಮ ಪಕ್ಕದ ಸೊಲ್ಲಾಪುರದಲ್ಲೇ. ಅಷ್ಟು ಹತ್ತಿರದಲ್ಲಿ ಕೆಲಸ ನಡೆದರೂ ಮಾರ್ಕೆಟ್ಟಿನ ಭಗವಾ, ಗಣೇಶ್, ಮೃದುಲಾ ಯಾವುದೂ ಇದರಿಂದ ಪಾರಾದ ತಳಿಯಲ್ಲ. ‘ತೇಲ್ಯಾ ಬರದ ದಾಳಿಂಬೆ’ ಅಂತ ಯಾರಾದರೂ ಮಾರಿದರೆ ನಂಬಬೇಡಿ. ನೆಡಲೇಬೇಕು ಅಂದರೆ ಮಳೆಗಾಲದ ಹೂವನ್ನು ಕಿತ್ತು ಹಾಕಿ, ಸೆಪ್ಟೆಂಬರ್-ಅಕ್ಟೋಬರ್‌ನ ಹೂವನ್ನು ಮಾತ್ರ ಉಳಿಸಿಕೊಳ್ಳಿ. ಹಣ್ಣು ಒಣ ದಿನಗಳಲ್ಲಿ ಬಲಿಯುತ್ತದೆ. ಪಕ್ಕದಲ್ಲಿ ಯಾರದ್ದಾದರೂ ದಾಳಿಂಬೆ ತೋಟ ಇದ್ದರೆ ದಯವಿಟ್ಟು ನೆಡಬೇಡಿ, ನಿಮ್ಮ ಒಂದು ಗಿಡದಿಂದ ಅವರ ವರ್ಷದ ದುಡಿಮೆ ಹಾಳಾಗಬಹುದು.

ಲಿಂಬೆಗೆ ಕಜ್ಜಿ ರೋಗ. ಎಲೆ, ಕಾಯಿ, ಕಡ್ಡಿ ಎಲ್ಲದರ ಮೇಲೆ ಒರಟು ಕಂದು ಗಂಟು. ಇಲ್ಲಿ ತಳಿಯ ಆಯ್ಕೆ ನಿಜಕ್ಕೂ ಕೆಲಸ ಮಾಡುತ್ತದೆ. ತಿರುಪತಿಯ ಬಾಲಾಜಿ ಮತ್ತು ರಾಹುರಿಯ ಸಾಯಿ ಶರಬತಿ ಕಜ್ಜಿಯನ್ನು ಸಾಮಾನ್ಯ ಕಾಗ್ಜಿ ಲಿಂಬೆಗಿಂತ ಚೆನ್ನಾಗಿ ತಾಳುತ್ತವೆ. ಸುಣ್ಣದ ಮಣ್ಣಿನಲ್ಲಿ ಲಿಂಬೆ ಎಲೆಯೂ ಹಳದಿಯಾಗುತ್ತದೆ. ಆಗ ಅಂಗಡಿಯಲ್ಲಿ ಕಬ್ಬಿಣದ ಪುಡಿ ಕೇಳಿದರೆ ಹೆಚ್ಚಾಗಿ ಇಡಿಟಿಎ (EDTA) ಅಂತ ಬರೆದದ್ದು ಕೊಡುತ್ತಾರೆ. ಸುಣ್ಣದ ಮಣ್ಣಿಗೆ ಹಾಕಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಇಡಿಡಿಎಚ್‌ಎ (EDDHA) ಅಂತ ಬರೆದದ್ದು ಕೇಳಿ ತನ್ನಿ. ಬೆಲೆ ಜಾಸ್ತಿ, ಆದರೆ ಎಲೆ ಹಸಿರಾಗುವುದು ಅದರಿಂದಲೇ.

ಅಂಜೂರಕ್ಕೆ ಸುಣ್ಣ ಇಷ್ಟ, ಬಿಸಿಲೂ ಸರಿ. ಮಳೆಗಾಲದಲ್ಲಿ ತುಕ್ಕು ರೋಗ ಬಂದು ಎಲೆ ಉದುರುತ್ತದೆ, ಬಿದ್ದ ಎಲೆ ಗುಡಿಸಿ ಸುಟ್ಟರೆ ಮನೆಗೆ ಸಾಕಾಗುವಷ್ಟು ಹಣ್ಣು ಸಿಗುತ್ತದೆ.

ಯಾವ ಅಂಗಳಕ್ಕೆ ಯಾವುದು

ಕಲಬುರಗಿಯ ಹೊಸ ಬಡಾವಣೆಗಳು ಎಷ್ಟೋ ಕಡೆ ಹಳೆ ತೊಗರಿ ಹೊಲಗಳ ಮೇಲೇ ಎದ್ದಿವೆ. ಅಂಥ ಎರೆ ಮಣ್ಣು, ನೀರು ನಿಲ್ಲುವ ಜಾಗ ಇದ್ದರೆ ದಿಬ್ಬದ ಮೇಲೆ ಬಾರಿ, ಇಲ್ಲವೇ ಪೇರಲ. ಮನೆ ಕಟ್ಟುವಾಗ ಗರಸು ತುಂಬಿಸಿದ ಜಾಗವಾದರೆ ಸೀತಾಫಲ, ಎರಡನೇ ಮಾತಿಲ್ಲ. ಅಂಗಳಕ್ಕೆಲ್ಲ ಕಲ್ಲು ಹಾಸಿ ಮಣ್ಣೇ ಇಲ್ಲದವರು ದೊಡ್ಡ ಡ್ರಮ್ಮಿನಲ್ಲಿ ಅಂಜೂರ ಅಥವಾ ಬಾಲಾಜಿ ಲಿಂಬೆ ಬೆಳೆಸಬಹುದು. ಡ್ರಮ್ಮಿನ ಮಣ್ಣನ್ನು ನೀವೇ ಕಲಸುವುದರಿಂದ ಸುಣ್ಣದ ತೊಂದರೆ ಇಲ್ಲ. ಕಲ್ಲಿನ ಕಾವು ತಾಗದಂತೆ ಡ್ರಮ್ ಕೆಳಗೆ ಇಟ್ಟಿಗೆ ಇಡಿ. ಬೀದರ್‌ನ ಕೆಂಪು ಮಣ್ಣಿನಲ್ಲಿ ಇವೆಲ್ಲವೂ ಬರುತ್ತವೆ. ಎರಡು ಗಿಡಕ್ಕೆ ಜಾಗ ಇದ್ದರೆ ಒಂದು ಪೇರಲ, ಇನ್ನೊಂದು ಬೇಕಾದರೆ ಪೀಚ್.

ನೆಡುವ ಕಾಲ ಪೀಚ್ ಬಿಟ್ಟು ಉಳಿದೆಲ್ಲಕ್ಕೂ ಜೂನ್ ಕೊನೆಯಿಂದ ಜುಲೈ. ಎರಡು ಅಡಿಯ ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಿ, ಬಿಸಿಲೇ ಅರ್ಧ ಔಷಧ. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣು ಮೇಲೆ ಇರಲಿ. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಕಿತ್ತುಬಿಡಿ. ಇಲ್ಲದಿದ್ದರೆ ಎರಡು ವರ್ಷದಲ್ಲಿ ಕಸಿ ಸತ್ತು ಬುಡದ ಕಾಡು ಗಿಡ ಉಳಿಯುತ್ತದೆ. ನೀರನ್ನು ಕಾಂಡಕ್ಕೆ ತಾಗಿಸಬೇಡಿ, ಒಂದೂವರೆ ಅಡಿ ದೂರದಲ್ಲಿ ಉಂಗುರ ಮಾಡಿ ಅಲ್ಲಿ ಬಿಡಿ. ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ.

ನರ್ಸರಿಯಲ್ಲಿ ಕೇಳಬೇಕಾದ್ದು ಮೂರೇ ಮಾತು. ಇದು ಯಾವ ರೋಗ ತಾಳುತ್ತದೆ? ಕಸಿಯ ಬುಡ ಯಾವುದು? ಬೇರು ತೋರಿಸುತ್ತೀರಾ? ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ, ಬೀದರ್‌ನ ತೋಟಗಾರಿಕೆ ಕಾಲೇಜಿನಲ್ಲಿ ಇದನ್ನು ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ, ಕೇಳುವವರು ಅವರಿಗೂ ಬೇಕು.

ಪೀಚ್ ಒಣಗಿದ ಗುಂಡಿಯನ್ನು ಆ ವರ್ಷ ಖಾಲಿ ಬಿಟ್ಟೆವು. ಮುಂದಿನ ಮೇನಲ್ಲಿ ಅದನ್ನು ಇನ್ನೂ ಒಂದು ಅಡಿ ಅಗಲ ಮಾಡಿ, ಗರಸು ಹಾಕಿ, ದಿಬ್ಬ ಕಟ್ಟಿ, ಜುಲೈನಲ್ಲಿ ಬಾಳಾನಗರ ಸೀತಾಫಲ ನೆಟ್ಟೆವು. ಈಗ ನನ್ನ ಎದೆಯ ಎತ್ತರ ಬಂದಿದೆ. ಈ ಸಲ ಹನ್ನೊಂದು ಹೂವಿಗೆ ಕುಂಚ ಮುಟ್ಟಿಸಿದ್ದೆ, ಏಳಕ್ಕೆ ಕಾಯಿ ನಿಂತಿವೆ. ಕಣ್ಣುಗಳ ನಡುವೆ ಬಿಳಿ ಗೆರೆ ಬಿಡಲು ಶುರುವಾಗಿದೆ, ದಸರೆ ಹೊತ್ತಿಗೆ ಕೀಳಬಹುದು.